40,000 ಹರ್ಟ್ಜ್ ಇದ್ದರಷ್ಟೇ ಒಳ್ಳೆಯ ಹೆಡ್‌ಫೋನಾ?

"40,000 ಹರ್ಟ್ಜ್‌ವರೆಗೆ ಹೋಗದ ಹೆಡ್‌ಫೋನ್‌ನಲ್ಲಿ ತಂಬೂರಿಯ ನಾದ ಪೂರ್ತಿ ಕೇಳಿಸಲ್ಲ, ಓಮ್ (ವಿದ್ಯುತ್ ತಡೆಯ ಅಳತೆ) ಜಾಸ್ತಿ ಇದ್ದಷ್ಟೂ ಒಳ್ಳೆಯದು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ; ಅದು ಹೆಚ್ಚಿದಷ್ಟೂ ಸ್ವರ ಮೇಲೇರುತ್ತದೆ. ನಮ್ಮ ಕಿವಿಗೆ ಕೇಳುವುದು ಹೆಚ್ಚುಕಡಿಮೆ 20ರಿಂದ 20,000 ಹರ್ಟ್ಜ್. ವಯಸ್ಸಾದಂತೆ ಮೇಲಿನ ತುದಿ ಇಳಿಯುತ್ತಾ ಬರುತ್ತದೆ. ಸಿಡಿಯಲ್ಲಂತೂ 22,050 ಹರ್ಟ್ಜ್‌ಗಿಂತ ಮೇಲೆ ಏನೂ ಇರುವುದೇ ಇಲ್ಲ. ಇಲ್ಲದ್ದನ್ನು ಹೆಡ್‌ಫೋನ್ ಎಲ್ಲಿಂದ ತಂದೀತು? ಸ್ಟುಡಿಯೋಗಳಲ್ಲಿ ದಶಕಗಳಿಂದ ಬಳಸುತ್ತಿರುವ ಸೋನಿ ಎಂಡಿಆರ್-7506 ಹೆಡ್‌ಫೋನಿನ ಅಂಕಿ ಬರೀ 10ರಿಂದ 20,000 ಹರ್ಟ್ಜ್. ಅದರಲ್ಲಿ ರೆಕಾರ್ಡಿಂಗ್ ಪರೀಕ್ಷಿಸುವವರಿಗೆ ಕಿವಿ ಇಲ್ಲ ಅಂತೀರಾ?

ಆ ಅಂಕಿಯೂ ಅರ್ಧ ಮಾತು. ತುದಿಗಳಲ್ಲಿ ದನಿ ಎಷ್ಟು ಡೆಸಿಬಲ್ ಕುಗ್ಗುತ್ತದೆ ಎಂದು ಹೇಳದಿದ್ದರೆ, ಎಷ್ಟು ದೊಡ್ಡ ಸಂಖ್ಯೆ ಬೇಕಾದರೂ ಡಬ್ಬಿಯ ಮೇಲೆ ಬರೆಯಬಹುದು.

ಓಮ್ ಎನ್ನುವುದು ಗುಣದ ಅಳತೆಯಲ್ಲ, ವಿದ್ಯುತ್ತಿಗೆ ಒಡ್ಡುವ ತಡೆ. 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 600 ಒಳ್ಳೆಯದೇ. ಆದರೆ ಸುಮ್ನೆ ಫೋನಿಗೆ ಚುಚ್ಚಿದರೆ ದನಿ ಸಣ್ಣದಾಗಬಹುದು, ಆಂಪ್ಲಿಫೈಯರ್ ಬೇಕಾದೀತು.

ಕೊಳ್ಳುವ ಮುಂಚೆ ನಿಮಗೆ ಬಾಯಿಪಾಠವಾಗಿರುವ ಕಛೇರಿಯೊಂದನ್ನು ಹಾಕಿ ಕೇಳಿ. ಮೃದಂಗದ ಎಡಗೈ ಪೆಟ್ಟು ಗುಂಯ್ ಎಂದು ಹರಡದೆ ನಿಲ್ಲುತ್ತದಾ? ಗಾಯಕರು ಉಸಿರೆಳೆಯುವುದು ಕೇಳುತ್ತದಾ? ಕನ್ನಡಕ ಇದ್ದರೆ ಹಾಕಿಕೊಂಡೇ ನೋಡಿ. ಕಿವಿ ಮುಚ್ಚುವ ಮಾದರಿಯಲ್ಲಿ ಕನ್ನಡಕದ ಕಡ್ಡಿ ಸಂದು ಮಾಡಿದರೆ ಮಂದ್ರ ಸೋರಿಹೋಗುತ್ತದೆ. ಇದನ್ನು ಯಾವ ಡಬ್ಬಿಯೂ ಹೇಳಲ್ಲ.