ಚಾರ್ಜರ್ ಕೇಳಿದ್ದೇ ತಪ್ಪಾಯ್ತು

ನಿನ್ನೆ ಅಕ್ಕನ ಮನೆಗೆ ಹೋಗಿದ್ದೆ. ಫೋನ್‌ನಲ್ಲಿ ನಾಲ್ಕೇ ಪರ್ಸೆಂಟ್ ಚಾರ್ಜ್ ಉಳಿದಿತ್ತು. "ಭಾವ, ಒಂದು ಚಾರ್ಜರ್ ಇದ್ರೆ ಕೊಡಿ" ಅಂದೆ. ಕೇಳಿದ್ದು ಅಷ್ಟೇ. ಭಾವ ನನ್ನ ಕೈಲಿದ್ದ ಫೋನ್ ನೋಡಿದರು. ಹಣೆ ಮೇಲಿದ್ದ ಕನ್ನಡಕ ಕೆಳಗಿಳಿಸಿ ಇನ್ನೊಂದು ಸಲ ನೋಡಿದರು.

"ಐಫೋನಾ? ದಿನಾ ಕೂತ್ಕೊಂಡು ದೊಡ್ಡ ಕಂಪನಿಗಳನ್ನ ಬೈದು ಬರೀತೀಯಲ್ಲಪ್ಪಾ, ಅದನ್ನ ಬರೆಯೋದು ಇದರಲ್ಲೇನಾ?"

ನಾನು ಎಡಪಂಥದ ಕಡೆಯವನು ಅಂತ ನಿಮಗೆಲ್ಲ ಗೊತ್ತು. ಭಾವ ಮಾರುಕಟ್ಟೆ ಕಡೆಯವರು ಅನ್ನೋದೂ ಗೊತ್ತು, ಅವರ ಬಗ್ಗೆ ಇಲ್ಲಿ ಬೇಕಾದಷ್ಟು ಗೊಣಗಿದ್ದೇನೆ. (ಅವರು ಫೇಸ್‌ಬುಕ್ ಕಡೆ ಬರಲ್ಲ ಅನ್ನೋ ಧೈರ್ಯ.) ಹಾಗಾಗಿ ಈ ಪ್ರಶ್ನೆ ನನಗೆ ಹೊಸದಲ್ಲ. ಹಿಂದೆ ಶೂ ನೋಡಿ ಕೇಳಿದ್ದರು, ಆಮೇಲೆ ಕಾರು ನೋಡಿ ಕೇಳಿದ್ದರು. ಬರಿಗಾಲಲ್ಲಿ ನಡೆದು ಹೋಗಿದ್ದರೆ "ಪಾಪ, ಸಿದ್ಧಾಂತ ಕಟ್ಟಿಕೊಂಡು ಏನಾಯ್ತು ನೋಡು" ಅಂತಿದ್ದರು.

ಅಷ್ಟರಲ್ಲಿ ಅಕ್ಕನ ಮಗ ಒಳಗಿಂದ ಬಂದ. "ಅಪ್ಪ ಹೇಳಿದ್ದು ಸರಿ ಮಾಮ, ಆದ್ರೆ ಕಾರಣ ತಪ್ಪು." ಇವನು ಲಿನಕ್ಸ್ ಹುಡುಗ, ಅಂದರೆ ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಬಳಸೋನು. ಇವನ ಲ್ಯಾಪ್‌ಟಾಪ್ ಯಾವ ಬಣ್ಣದ್ದು ಅಂತ ಈಗ ಯಾರಿಗೂ ನೆನಪಿಲ್ಲ, ಅಷ್ಟು ಸ್ಟಿಕರ್ ಅಂಟಿಸಿದ್ದಾನೆ. "ನೀವು ದುಡ್ಡು ಕೊಟ್ಟು ಜೈಲು ಕೊಂಡಿದ್ದೀರಿ ಮಾಮ. ನಿಮಗೆ ಯಾವ ಆಪ್ ಬೇಕು ಅಂತ ಆಪಲ್‌ನವರು ಹೇಳಬೇಕು. ನಿಮ್ಮಂಥವರೇ ಹೀಗೆ ಮಾಡಿದ್ರೆ ಹೇಗೆ?"

ಭಾವನ ಪ್ರಕಾರ ಈ ಫೋನ್ ಇಟ್ಟುಕೊಳ್ಳೋ ಯೋಗ್ಯತೆ ನನಗಿಲ್ಲ. ಹುಡುಗನ ಪ್ರಕಾರ ನನ್ನ ಕೈಗೆ ಬರೋ ಯೋಗ್ಯತೆ ಈ ಫೋನಿಗಿಲ್ಲ. ಮೂರು ಪರ್ಸೆಂಟ್. ಚಾರ್ಜರ್ ಮಾತ್ರ ಬರಲಿಲ್ಲ.

ನನ್ನ ತಕರಾರು ಇಷ್ಟೇ. ಫೋನ್ ನೋಡಿ ಮನುಷ್ಯನ ಜಾತಕ ಬರೆಯೋ ಈ ಚಾಳಿ ಯಾವಾಗ ಶುರುವಾಯ್ತು? ಯಾವ ಆಪ್ ಬಳಸ್ತಾನೆ, ಯಾವ ಕಾರು ಓಡಿಸ್ತಾನೆ ಅಂತ ನೋಡಿ ಇವನು ನಮ್ಮವನು, ಅವನು ಅವರವನು ಅಂತ ತೀರ್ಮಾನ. ಅಮೆರಿಕದಲ್ಲಿ ಟೆಸ್ಲಾ ಎಲೆಕ್ಟ್ರಿಕ್ ಕಾರು ಕೊಂಡವರ ಪಾಡು ನೋಡಿ. ಪರಿಸರದ ಕಾಳಜಿ ಅಂತ ಕೊಂಡವರು ಎಷ್ಟೋ ಜನ. ಕಂಪನಿ ಮುಖ್ಯಸ್ಥ ಇಲಾನ್ ಮಸ್ಕ್ ರಾಜಕೀಯಕ್ಕೆ ಇಳಿದ ಮೇಲೆ, ಅವರು ಹೀಗೆ ಅಂತ ಗೊತ್ತಾಗೋ ಮೊದಲೇ ಕೊಂಡಿದ್ದು ಅನ್ನೋ ಅರ್ಥದ ಸ್ಟಿಕರ್ ಅಂಟಿಸಿಕೊಂಡು ಓಡಾಡಬೇಕಾಯ್ತು. ಕಾರು ಅದೇ, ಬ್ಯಾಟರಿ ಅದೇ, ಚಕ್ರ ನಾಲ್ಕೇ. ಬದಲಾಗಿದ್ದು ಪಕ್ಕದ ಮನೆಯವರ ನೋಟ.

ಆಯ್ಕೆ ನಿಮ್ಮದು ಅಂತಾರೆ. ಯಾವ ಆಯ್ಕೆ ಸ್ವಾಮಿ? ಐಫೋನ್ ಬಂದಿದ್ದು 2007ರಲ್ಲಿ, ಮೊದಲ ಆಂಡ್ರಾಯ್ಡ್ ಫೋನ್ 2008ರಲ್ಲಿ. ಆಗ ನೋಕಿಯಾ ಫೋನುಗಳ ಸಿಂಬಿಯನ್ ಇತ್ತು, ಬ್ಲ್ಯಾಕ್‌ಬೆರಿ ಇತ್ತು. ಆಮೇಲೆ ವಿಂಡೋಸ್ ಫೋನ್ ಬಂತು, ಫೈರ್‌ಫಾಕ್ಸ್‌ನವರದ್ದೂ ಒಂದು ಬಂತು. ಎಲ್ಲಾ ಒಂದೊಂದಾಗಿ ಮಲಗಿದವು. ಈಗ ಹೆಚ್ಚಿನ ಜನಕ್ಕೆ ಉಳಿದಿರೋದು ಎರಡು. ಎರಡು ಬಾಗಿಲಿನ ಮನೆಯಲ್ಲಿ ನಿಲ್ಲಿಸಿ, ಎಡಗಡೆ ಬಾಗಿಲಿಂದ ಹೋದರೆ ನೀನು ಇಂಥವನು, ಬಲಗಡೆಯಿಂದ ಹೋದರೆ ಅಂಥವನು ಅಂದರೆ ಹೇಗೆ?

ಆ ಎರಡೂ ಬಾಗಿಲು ಒಳಗೆ ಹೋದರೆ ಒಂದೇ ಓಣಿಗೆ ಸೇರುತ್ತವೆ, ಅದು ಬೇರೆ ಮಾತು. ಐಫೋನಿನ ಬ್ರೌಸರ್ ಸಫಾರಿಯಲ್ಲಿ ತನ್ನ ಸರ್ಚ್ ಮೊದಲಿಂದಲೇ ಕೂತಿರಲಿ ಅಂತ, ಆಂಡ್ರಾಯ್ಡ್ ಮಾಡೋ ಗೂಗಲ್ 2022ರಲ್ಲಿ ಆಪಲ್‌ಗೆ ಕೊಟ್ಟಿದ್ದು 2,000 ಕೋಟಿ ಡಾಲರ್. ಅಮೆರಿಕದ ಕೋರ್ಟಿನಲ್ಲಿ ಕೇಸು ನಡೆದಾಗ ಹೊರಗೆ ಬಂದ ಲೆಕ್ಕ ಇದು. ಹೊರಗಡೆ ನಾವು ನಿನ್ನದು ಹೆಚ್ಚು ನನ್ನದು ಹೆಚ್ಚು ಅಂತ ಕಿತ್ತಾಡ್ತಿದ್ದೇವೆ. ಒಳಗಡೆ ಇಬ್ಬರೂ ಲೆಕ್ಕ ಚುಕ್ತಾ ಮಾಡಿಕೊಂಡು ಕೈ ಕುಲುಕಿದ್ದಾರೆ.

ಇದನ್ನು ಹೇಳಿದರೆ ಭಾವ ಕೇಳ್ತಾರಾ? "ಮಾರುಕಟ್ಟೆ ಇಲ್ಲದಿದ್ರೆ ನಿನ್ನ ಕೈಲಿ ಇನ್ನೂ ಡಯಲ್ ತಿರುಗಿಸೋ ಫೋನ್ ಇರ್ತಿತ್ತು" ಅಂದರು. ನನಗೂ ಉರಿಯಿತು. ಅಲ್ಲ ಭಾವ, ನೀವು ದಾರಿ ಹುಡುಕೋ ಜಿಪಿಎಸ್ ಅಮೆರಿಕದ ಸೈನ್ಯದ್ದು. ಇಂಟರ್ನೆಟ್‌ಗೆ ಬುನಾದಿ ಹಾಕಿದ ಅರ್ಪಾನೆಟ್ 1969ರಲ್ಲಿ ಶುರುವಾಗಿದ್ದು ಅಲ್ಲಿನ ರಕ್ಷಣಾ ಇಲಾಖೆ ದುಡ್ಡಲ್ಲಿ. ವೆಬ್ ಹುಟ್ಟಿದ್ದು ಸರ್ನ್‌ನಲ್ಲಿ. ಅದು ಯುರೋಪಿನ ಸರ್ಕಾರಗಳು ನಡೆಸೋ ಸಂಶೋಧನಾ ಸಂಸ್ಥೆ. 1993ರ ಏಪ್ರಿಲ್‌ನಲ್ಲಿ ಅವರು ಅದನ್ನು ಯಾರು ಬೇಕಾದರೂ ಬಳಸಿ ಅಂತ ಪುಕ್ಕಟೆ ಬಿಟ್ಟುಕೊಟ್ಟರು. ನಿಮ್ಮ ಮಾರುಕಟ್ಟೆ ಮಾಡಿದ್ದು ಅದಕ್ಕೆ ಚೆಂದದ ಗಾಜು ಕೂರಿಸಿದ್ದು!

ಗಾಜು ಕೂರಿಸಿದ್ದು ಅಂದಿದ್ದು ಸ್ವಲ್ಪ ಜಾಸ್ತಿಯಾಯ್ತು. ಒಪ್ಪಿಕೊಳ್ತೀನಿ. ಅದೇ ತಂತ್ರಜ್ಞಾನದಿಂದ ಸರ್ಕಾರಿ ಇಲಾಖೆಯೊಂದು ಫೋನ್ ತಯಾರಿಸಿದ್ದರೆ ಆನ್ ಮಾಡೋಕೆ ಮೂರು ಪ್ರತಿ ಅರ್ಜಿ ಕೇಳ್ತಿತ್ತೇನೋ. ಭಾವನ ಮುಂದೆ ಮಾತ್ರ ಒಪ್ಪಿಕೊಳ್ಳಲಿಲ್ಲ.

ಹುಡುಗನ ವಾದ ಇನ್ನೂ ಮಜಾ. ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶ ಅಂದರೆ ಅವನಿಗೆ ಹೆಚ್ಚುಕಡಿಮೆ ಧರ್ಮ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಅನ್ನೋ ಸ್ವತಂತ್ರ ಆಪರೇಟಿಂಗ್ ಸಿಸ್ಟಂ ಯೋಜನೆ ಘೋಷಿಸಿದ್ದರಿಂದ ಹಿಡಿದು ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬಿಟ್ಟ ತನಕ ಪೂರ್ತಿ ಪುರಾಣ ಹೇಳ್ತಾನೆ. ಕೇಳೋಕೆ ಚೆಂದ. ನನಗೆ ಗೌರವವೂ ಇದೆ. ಆದರೆ ಮಗನೇ, ಆ ಪುರಾಣದ ಒಳಗೇ ಎರಡು ಪಂಗಡ ಇವೆಯಲ್ಲ? ಸ್ಟಾಲ್‌ಮನ್‌ಗೆ ಅದು ನ್ಯಾಯ ಅನ್ಯಾಯದ ಪ್ರಶ್ನೆ. ಟೊರ್ವಾಲ್ಡ್ಸ್‌ಗೆ ಒಳ್ಳೆ ಕೋಡ್ ಬರೆಯೋಕೆ ಒಳ್ಳೆ ದಾರಿ. ಒಂದೇ ಕಂಪ್ಯೂಟರ್‌ನಲ್ಲಿ ಇಬ್ಬರ ಕೆಲಸವೂ ಸೇರಿ ಓಡ್ತಿದೆ. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳಲ್ಲೂ ಲಿನಕ್ಸೇ. ನ್ಯೂಯಾರ್ಕ್ ಷೇರುಪೇಟೆ ನಡೆಯೋದೂ ಅದರ ಮೇಲೇ, ಷೇರುಪೇಟೆ ಮುಚ್ಚಬೇಕು ಅನ್ನೋ ಹುಡುಗರ ಲ್ಯಾಪ್‌ಟಾಪ್ ಓಡೋದೂ ಅದರ ಮೇಲೇ. ಯಾರ ಸಿದ್ಧಾಂತ ಅಂತ ಲೆಕ್ಕ ಹಾಕ್ತೀಯಾ?

ಇಷ್ಟೆಲ್ಲ ಸ್ವಾತಂತ್ರ್ಯದ ಮಧ್ಯೆ ಅವನಿಗೆ ಪ್ರಿಂಟ್ ಬೇಕಾದರೆ ಅಪ್ಪನ ವಿಂಡೋಸ್ ಕಂಪ್ಯೂಟರ್ ಮುಂದೆ ಕೂರ್ತಾನೆ. ನಾನು ಕಣ್ಣಾರೆ ನೋಡಿದ್ದೇನೆ.

ಎರಡು ಪರ್ಸೆಂಟ್.

ಈಗ ನನ್ನ ಬಗ್ಗೆಯೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ರಾತ್ರಿ ನಿದ್ದೆ ಬರಲ್ಲ. ಈ ಫೋನ್ ಯಾಕೆ ಕೊಂಡೆ ಅಂತ ಕೇಳಿದವರಿಗೆಲ್ಲ "ಪ್ರೈವೆಸಿ ಮುಖ್ಯ ರೀ" ಅಂತ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಆಫೀಸಿನ ಗ್ರೂಪ್ ಫೋಟೋದಲ್ಲಿ ಎಲ್ಲರೂ ಟೇಬಲ್ ಮೇಲೆ ಫೋನ್ ಇಟ್ಟಿದ್ದರು. ನನ್ನದೊಂದೇ ಬೇರೆ ಥರ ಕಾಣ್ತಿತ್ತು. ಆ ಫೋಟೋ ದೊಡ್ಡದು ಮಾಡಿ ನೋಡಿದ್ದೆ, ಒಂದಲ್ಲ ಎರಡು ಸಲ. ಮುಂದಿನ ತಿಂಗಳು ಕೊಂಡೆ. ಪ್ರೈವೆಸಿ ಅನ್ನೋ ಮಾತು ಬಿಲ್ ಆದ ಮೇಲೆ ಹೊಳೆದಿದ್ದು.

ಇನ್ನೊಂದೂ ಇದೆ. 2021ರ ಜನವರಿ ನೆನಪಿದೆಯಾ? ವಾಟ್ಸಾಪ್ ಹೊಸ ಷರತ್ತು ಅಂತ ನೋಟಿಸ್ ಕಳಿಸಿ, ಎಲ್ಲರೂ ಸಿಗ್ನಲ್ ಅನ್ನೋ ಇನ್ನೊಂದು ಮೆಸೇಜ್ ಆಪ್‌ಗೆ ಓಡಿದ ಕಾಲ. ನಾನೂ ಓಡಿದೆ. ಸುಮ್ನೆ ಓಡಲಿಲ್ಲ, ಡಂಗುರ ಹೊಡ್ಕೊಂಡು ಓಡಿದೆ. ಇದೇ ಗೋಡೆ ಮೇಲೆ ಬರೆದಿದ್ದೆ, "ಇನ್ನು ಮುಂದೆ ನಾನು ಅಲ್ಲಿ ಸಿಗಲ್ಲ" ಅಂತ. ವಾಟ್ಸಾಪ್‌ನಲ್ಲೇ ಉಳಿದವರನ್ನು ಬೆನ್ನುಮೂಳೆ ಇಲ್ಲದವರು ಅಂದಿದ್ದೆ. ಮೂರು ವಾರ ಸಿಗ್ನಲ್‌ನಲ್ಲಿ ನಾನು, ಗೆಳೆಯನೊಬ್ಬ ಮತ್ತು ಪ್ಲಂಬರ್ ಇದ್ದೆವು. ಪ್ಲಂಬರ್ ಯಾಕೆ ಬಂದಿದ್ದ ಅಂತ ಇವತ್ತಿಗೂ ಗೊತ್ತಿಲ್ಲ. ನಾಲ್ಕನೇ ವಾರ ಸದ್ದಿಲ್ಲದೆ ವಾಪಸ್ ಬಂದೆ. ಯಾರಿಗೂ ಹೇಳಲಿಲ್ಲ. ಹೀಗಾಗಿ ಜಾತಕ ಬರೆಯೋ ಚಾಳಿ ನನಗೂ ಇತ್ತು. ಭಾವ ಕೇಳಿದಾಗ ಅಷ್ಟೊಂದು ಉರಿದಿದ್ದು ಅದಕ್ಕೇ ಇರಬೇಕು.

"ಹಾಗಾದ್ರೆ ಏನು ಕೊಂಡರೂ ಒಂದೇನಾ? ನಾವು ಖರ್ಚು ಮಾಡೋ ದುಡ್ಡೂ ಒಂದು ಓಟೇ ಅಲ್ವಾ?" ಅಂತ ಕೇಳ್ತೀರಿ, ಗೊತ್ತು. ಬಹಿಷ್ಕಾರಕ್ಕೆ ಶಕ್ತಿ ಇಲ್ಲ ಅಂತ ನಾನೆಲ್ಲಿ ಹೇಳಿದೆ? ಬಸ್ಸಲ್ಲಿ ಬಿಳಿಯರಿಗೆ ಬೇರೆ ಸೀಟು, ಕರಿಯರಿಗೆ ಬೇರೆ ಸೀಟು ಅನ್ನೋ ಕಾನೂನಿನ ವಿರುದ್ಧ ಅಮೆರಿಕದ ಮಾಂಟ್ಗೊಮರಿಯಲ್ಲಿ ಕರಿಯರು 1955ರ ಡಿಸೆಂಬರ್‌ನಿಂದ 381 ದಿನ ಸಿಟಿ ಬಸ್ ಹತ್ತಲಿಲ್ಲ. ನಡೆದರು. ಕಾರು ಇದ್ದವರು ಇಲ್ಲದವರನ್ನು ಹತ್ತಿಸಿಕೊಂಡು ಹೋದರು. ಅದರ ಜೊತೆಗೆ ಕೋರ್ಟಿಗೂ ಹೋದರು, ಕೊನೆಗೆ ಕಾನೂನೇ ಬಿತ್ತು. ಅದು ಊರಿಗೆ ಊರೇ ಸೇರಿ ಮಾಡಿದ ಕೆಲಸ. ನಾನು ಸೋಫಾ ಮೇಲೆ ಒರಗಿಕೊಂಡು ಒಂದು ಆಪ್ ಅಳಿಸಿ ಇನ್ನೊಂದು ಹಾಕಿಕೊಂಡು ಎದೆ ಉಬ್ಬಿಸೋದಕ್ಕೂ ಅದಕ್ಕೂ ಹೋಲಿಕೆ ಮಾಡೋಕೆ ನನಗೇ ನಾಚಿಕೆ. ಅದೂ ಅಲ್ಲದೆ ದುಡ್ಡೇ ಓಟು ಆದರೆ, ಜಾಸ್ತಿ ದುಡ್ಡಿದ್ದವನಿಗೆ ಜಾಸ್ತಿ ಓಟು. ಇದನ್ನು ನಮ್ಮ ಕಡೆಯವರೇ ಹೇಳೋದು ಕೇಳಿದಾಗ ತಲೆ ಚಚ್ಚಿಕೊಳ್ಳಬೇಕು ಅನ್ಸುತ್ತೆ.

ಇಷ್ಟು ಹೊತ್ತು ಅಕ್ಕ ಒಂದು ಮಾತೂ ಆಡಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತು ತನ್ನ ಫೋನ್ ಒತ್ತುತ್ತಾ ಇದ್ದಳು. ಒತ್ತೋದು, ಕಾಯೋದು, ಮತ್ತೆ ಒತ್ತೋದು.

"ಇದೊಂದು ನೋಡೋ. ಬ್ಯಾಂಕಿಂದು ಓಪನ್ನೇ ಆಗ್ತಿಲ್ಲ ನಿನ್ನೆಯಿಂದ."

ನೋಡಿದೆ. ನಿಮ್ಮ ಫೋನಿನ ಆವೃತ್ತಿಗೆ ಈ ಆಪ್ ಇನ್ನು ಕೆಲಸ ಮಾಡುವುದಿಲ್ಲ ಅಂತ ಬರ್ತಿತ್ತು. ಅಪ್‌ಡೇಟ್ ಇದೆಯಾ ಅಂತ ಒಳಗೆ ಹೋಗಿ ನೋಡಿದೆ. ನಿಮ್ಮ ಫೋನ್ ಪೂರ್ತಿ ಅಪ್‌ಡೇಟ್ ಆಗಿದೆ ಅಂತ ಹಸಿರು ಟಿಕ್ ಹಾಕಿ ತೋರಿಸ್ತು. ಎಷ್ಟು ಸೊಗಸು ನೋಡಿ! ಫೋನ್ ಹೇಳುತ್ತೆ ನಾನು ಸರಿಯಾಗಿದ್ದೀನಿ ಅಂತ. ಆಪ್ ಹೇಳುತ್ತೆ ನೀನು ಹಳೇದು ಅಂತ. ಇಬ್ಬರ ನಡುವೆ ಅಕ್ಕ.

ಆ ಫೋನಿಗೆ ಏನೂ ಆಗಿಲ್ಲ. ಪರದೆ ಒಂದು ಮೂಲೇಲಿ ಸೀಳಿದೆ, ಅದಕ್ಕೆ ಪಾರದರ್ಶಕ ಟೇಪ್ ಹಚ್ಚಿಕೊಂಡಿದ್ದಾಳೆ. ಕರೆ ಹೋಗುತ್ತೆ, ಬರುತ್ತೆ. ಫೋಟೋ ಬರುತ್ತೆ. ಬ್ಯಾಟರಿ ಸಂಜೆ ತನಕ ತಡೆಯುತ್ತೆ. ಕಂಪನಿಯವರು ಅಪ್‌ಡೇಟ್ ನಿಲ್ಲಿಸಿದರು, ಅಷ್ಟೇ. ಈಗ ಹೊಸದು ಕೊಳ್ಳಬೇಕು.

"ಹೊಸದು ತಗೊಂಡು ಬಿಡೇ ಅಮ್ಮಾ, ಇದಕ್ಕೆ ನಾನು ಬೇರೆಯವರು ಮಾಡಿದ ಆಂಡ್ರಾಯ್ಡ್ ಹಾಕಿ ಆಟ ಆಡ್ತೀನಿ" ಅಂದ ಹುಡುಗ. "ಮಾರ್ಕೆಟ್‌ನಲ್ಲಿ ನೂರು ಥರ ಇದೆ, ಬೇಕಾದ್ದು ಆರಿಸ್ಕೋ" ಅಂದರು ಭಾವ. ನಾನೂ ಬಾಯಿ ತೆರೆದಿದ್ದೆ, ಯೋಜಿತ ಹಳತಾಗುವಿಕೆ ಅಂತ ಏನೋ ದೊಡ್ಡ ಪದ ಹೇಳೋಕೆ.

"ನಂಗೆ ನೂರು ಬೇಡ ರೀ. ಇದೇ ನಡೀಬೇಕು" ಅಂದಳು ಅಕ್ಕ.

ಅಕ್ಕ ಕೇಳ್ತಿರೋ ಆಯ್ಕೆ ಯಾವ ಅಂಗಡಿಯಲ್ಲೂ ಇಲ್ಲ. ಇದ್ದದ್ದನ್ನೇ ಇಟ್ಟುಕೊಳ್ಳೋ ಆಯ್ಕೆ ಅದು. ಅದನ್ನು ಕೊಂಡು ತರೋಕಾಗಲ್ಲ, ಮಾಡಿಸಬೇಕು. ಯುರೋಪಿನಲ್ಲಿ 2025ರ ಜೂನ್‌ನಿಂದ ಒಂದು ನಿಯಮ ಬಂದಿದೆ. ಒಂದು ಮಾದರಿ ಮಾರೋದು ನಿಲ್ಲಿಸಿದ ಮೇಲೂ ಐದು ವರ್ಷ ಅಪ್‌ಡೇಟ್ ಕೊಡಬೇಕು, ಏಳು ವರ್ಷ ಬಿಡಿಭಾಗ ಸಿಗೋ ಹಾಗೆ ನೋಡಿಕೊಳ್ಳಬೇಕು. ಯಾರೋ ಒಬ್ಬ ಒಳ್ಳೆ ಫೋನ್ ಆರಿಸಿದ್ದರಿಂದ ಆಗಿದ್ದಲ್ಲ ಇದು. ಬೇಜಾರಿನ ಮೀಟಿಂಗ್‌ಗಳಲ್ಲಿ ಕೂತು, ಕರಡು ತಿದ್ದಿ, ಕಂಪನಿಗಳ ಜೊತೆ ಜಗಳ ಆಡಿ ಮಾಡಿದ್ದು. ರಾಜಕೀಯ ಅಂದರೆ ಅದು. ನನ್ನ ಜೇಬಲ್ಲಿ ಯಾವ ಫೋನ್ ಇದೆ ಅನ್ನೋದಲ್ಲ!

ಒಂದು ಪರ್ಸೆಂಟ್ ಆಗಿತ್ತು. "ಭಾವ, ಆಮೇಲೆ ಬೈರಿ, ಮೊದಲು ಚಾರ್ಜರ್ ಕೊಡಿ" ಅಂದೆ.

"ನಮ್ಮನೇಲಿ ಇರೋದು ಆಂಡ್ರಾಯ್ಡಿಂದು. ನಿನ್ನ ಶ್ರೀಮಂತರ ಫೋನಿಗೆ ಹಿಡಿಯಲ್ಲ."

"ಹಿಡಿಯುತ್ತೆ, ಕೊಡಿ."

ಹಿಡಿಯಿತು. ಭಾವ ಬಗ್ಗಿ ನೋಡಿದರು, ನಂಬಿಕೆ ಬರಲಿಲ್ಲ. ನನಗೆ ಇದಕ್ಕಿಂತ ಒಳ್ಳೆ ಅವಕಾಶ ಸಿಗುತ್ತಾ? ಭಾಷಣ ಶುರು ಮಾಡಿದೆ. 2009ರಲ್ಲಿ 30 ಬಗೆಯ ಚಾರ್ಜರ್ ಇತ್ತು ಭಾವ. ನೀವೇ ಒಂದು ಮಾಡಿಕೊಳ್ಳಿ ಅಂತ ಯುರೋಪಿನವರು ಕಂಪನಿಗಳನ್ನ ಒಪ್ಪಿಸಿದ್ದರು, ಆದರೂ ಆಪಲ್ 2012ರಲ್ಲಿ ತನ್ನದೇ ಲೈಟ್ನಿಂಗ್ ಅಂತ ತಂತು. ಎಲ್ಲಾ ಫೋನಿಗೂ ಯುಎಸ್‌ಬಿ-ಸಿ ಅನ್ನೋ ಒಂದೇ ತೂತು ಇರಬೇಕು ಅಂತ ಕಾನೂನು ಮಾಡ್ತೀವಿ ಅಂದಾಗ ಹೊಸ ಸಂಶೋಧನೆಗೆ ಪೆಟ್ಟು ಬೀಳುತ್ತೆ ಅಂತ ಅತ್ತಿತು. 2022ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಪಾರ್ಲಿಮೆಂಟ್‌ನಲ್ಲಿ ಓಟಿಗೆ ಹಾಕಿದರು. ಪರ 602, ವಿರುದ್ಧ 13. ಅಲ್ಲಿ ನಿಮ್ಮ ಕಡೆಯವರೂ ಇದ್ದಾರೆ, ನಮ್ಮ ಕಡೆಯವರೂ ಇದ್ದಾರೆ, ಇಬ್ಬರಿಗೂ ಆಗದವರೂ ಇದ್ದಾರೆ. ಕೇಬಲ್ ವಿಷಯದಲ್ಲಿ ಎಲ್ಲರೂ ಒಂದಾದರು. ಮುಂದಿನ ವರ್ಷ ಬಂದ ಐಫೋನ್ 15ಕ್ಕೆ ಇದೇ ತೂತು!

ಭಾವ ಪೂರ್ತಿ ಕೇಳಿಸಿಕೊಂಡರು. ಅಪರೂಪಕ್ಕೆ. ಆಮೇಲೆ ಅಂದರು, "ಅಂದ್ರೆ ನಿನ್ನ ಫೋನಿಗೆ ಸರ್ಕಾರ ಹೇಳಿ ತೂತು ಹಾಕಿಸ್ಬೇಕಾಯ್ತು ಅನ್ನು."

ಇದಕ್ಕೆ ಏನು ಉತ್ತರ ಕೊಡಬೇಕು ಅಂತ ರಾತ್ರಿ ಮನೆಗೆ ಬರೋ ತನಕ ಯೋಚನೆ ಮಾಡಿದೆ, ಹೊಳೆಯಲಿಲ್ಲ. ಈಗ ಬ್ಯಾಗ್ ತೆಗೆದು ನೋಡಿದರೆ ಅವರ ಕೇಬಲ್ ನನ್ನ ಹತ್ತಿರವೇ ಇದೆ. ಫೋನ್ ಮಾಡಿ ಹೇಳೋಣ ಅಂದುಕೊಂಡೆ. ಸಾರ್ವಜನಿಕ ಆಸ್ತಿ ಅಂತ ಇಟ್ಕೊಂಡ್ಯಾ ಅಂತಾರೆ. ನಾಳೆ ಅಕ್ಕನ ಕೈಲಿ ಸುಮ್ನೆ ಕೊಟ್ಟು ಬರ್ತೀನಿ.