ಮಗುವಿನ ಹೆಸರನ್ನು ಮೊದಲು ಕನ್ನಡದಲ್ಲಿ ಬರೆಯಿರಿ

ಮಗುವಿನ ಹೆಸರಿಗೆ ಇಂಗ್ಲಿಷಿನಲ್ಲಿ ಯಾವ ಅಕ್ಷರ ಹಾಕಬೇಕು ಅಂತ ವಾದ ಮಾಡುವ ಮೊದಲು ಆ ಹೆಸರನ್ನು ಕನ್ನಡದಲ್ಲಿ ತಪ್ಪಿಲ್ಲದೆ ಬರೆದು ಎಲ್ಲರೂ ಒಪ್ಪಿಕೊಳ್ಳಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ತಂಗಿಯ ಮಗಳಿಗೆ ಹೆಣ್ಣು ಮಗು ಆಗಿದೆ. ಧೃತಿ ಅಂತ ಹೆಸರು. ಧೃತಿಗೆಡದ ಮಗುವಾಗಲಿ ಅಂತ ಎರಡೂ ಮನೆಯವರು ಖುಷಿಯಿಂದಲೇ ಒಪ್ಪಿದರು. ಜನನ ಪ್ರಮಾಣಪತ್ರಕ್ಕೆ ಹೆಸರು ಕೊಡುವ ಹೊತ್ತಿಗೆ ಶುರುವಾಯಿತು. ಮೈಸೂರಿನ ನಮ್ಮ ಕಡೆಯವರಿಗೆ ಕೊನೆಯ ‘ತಿ’ಗೆ ಟಿ, ಎಚ್, ಐ ಮೂರೂ ಬೇಕು. ಹುಬ್ಬಳ್ಳಿಯ ಬೀಗರಿಗೆ ಬರೀ ಟಿ, ಐ ಸಾಕು. ಮಗುವಿನ ಅಪ್ಪನ ಆಫೀಸಿನಲ್ಲಿ ಉತ್ತರ ಭಾರತದವರೇ ಜಾಸ್ತಿ. ಹಾಗಾಗಿ ಅವನಿಗೆ ಆರ್ ಆದಮೇಲೆ ಯು ಬದಲು ಐ ಇರಲಿ ಅಂತ ಆಸೆ. ವಾಟ್ಸಾಪ್ ಗ್ರೂಪಿನಲ್ಲಿ ಮಾತು ಎಷ್ಟು ಬಿಸಿಯಾಯಿತು ಅಂದರೆ ಬಾಣಂತಿ ಹುಡುಗಿ ಕಣ್ಣೀರು ಹಾಕಿದಳು. ಅದನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ನಿಜ ಹೇಳಬೇಕೆಂದರೆ ಇವರಲ್ಲಿ ಯಾರದೂ ತಪ್ಪಲ್ಲ. ನಮ್ಮಲ್ಲಿ ತ, ಥ, ಟ, ಠ ಅಂತ ನಾಲ್ಕು ಅಕ್ಷರ ಇವೆ. ಇಂಗ್ಲಿಷಿನಲ್ಲಿ ಇರುವುದು ಒಂದೇ ಟಿ. ದಕ್ಷಿಣದವರು ಆ ಟಿಯನ್ನು ‘ಟ’ಕ್ಕೆ ಇಟ್ಟುಕೊಂಡು ‘ತ’ಕ್ಕೆ ಪಕ್ಕದಲ್ಲೊಂದು ಎಚ್ ಸೇರಿಸಿದರು. ಲತಾ, ಗೀತಾ, ಸ್ಮಿತಾ ಎಲ್ಲರೂ ಹಾಗೇ ಬರೆದುಕೊಂಡು ಬಂದರು. ಉತ್ತರದವರು ಎಚ್ ಅನ್ನು ಮಹಾಪ್ರಾಣಕ್ಕೆ ಮೀಸಲಿಟ್ಟರು. ಹಳೇ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಕಡೆ ಆ ರೂಢಿಯೂ ಕಾಣುತ್ತದೆ. ಋಕಾರದ್ದೂ ಇದೇ ಕಥೆ. ನಾವು ‘ರು’ ಹತ್ತಿರ ಹೇಳುತ್ತೇವೆ, ಹಿಂದಿಯವರು ‘ರಿ’ ಅನ್ನುತ್ತಾರೆ. ಆದರೆ ಕೃಷ್ಣ ಅಂತ ಬರೆಯುವಾಗ ನಾವೂ ಐ ಹಾಕುತ್ತೇವೆ, ಅಮೃತಾ ಅಂದಾಗ ಯು! ಪ್ರಜ್ಞಾ ಅನ್ನುವ ಹೆಸರಂತೂ ನಮ್ಮ ಬಾಯಲ್ಲಿ ‘ಗ್ನಾ’, ಹಿಂದಿಯಲ್ಲಿ ‘ಗ್ಯಾ’, ಮರಾಠಿಯಲ್ಲಿ ‘ದ್ನ್ಯಾ’. ಗೌಡ ಅನ್ನುವುದಕ್ಕೆ ಹಳೇ ಮೈಸೂರಿನವರು ಡಬ್ಲ್ಯು ಹಾಕಿದರೆ ಉತ್ತರ ಕರ್ನಾಟಕದವರು ಹೆಚ್ಚಾಗಿ ಯು ಹಾಕುತ್ತಾರೆ. ಇಂಥದ್ದರಲ್ಲಿ ‘ನಿಮಗೆ ಇಂಗ್ಲಿಷ್ ಬರಲ್ಲ’ ಅಂತ ಬೀಗರಿಗೆ ಹೇಳುವುದು ಸುಮ್ನೆ ಮನಸ್ಸು ನೋಯಿಸುವ ಮಾತು.

ನನ್ನ ಸಿಟ್ಟು ಬೇರೆ ಕಡೆ ಇದೆ. ಇಷ್ಟೆಲ್ಲ ವಾದ ನಡೆದ ಅದೇ ಗ್ರೂಪಿನಲ್ಲಿ ಆ ಮಗುವಿನ ಹೆಸರು ಕನ್ನಡದಲ್ಲಿ ಮೂರು ಥರ ಇತ್ತು. ಒಬ್ಬರು ದೃತಿ ಅಂದರು, ಇನ್ನೊಬ್ಬರು ಧ್ರುತಿ ಅಂದರು, ಸರಿಯಾಗಿ ಧೃತಿ ಅಂತ ಬರೆದದ್ದು ಮಗುವಿನ ಮುತ್ತಜ್ಜಿ ಒಬ್ಬರೇ. ಅದರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಧ ಹೋಗಿ ದ ಆದರೆ ಧೈರ್ಯ ಹೋಗಿ ತೊಗಲಿನ ಚೀಲ ಆಗುತ್ತದೆ. ಸಂಸ್ಕೃತದಲ್ಲಿ ದೃತಿ ಅಂದರೆ ಅದೇ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಎಸ್ಸೆಸ್ಸೆಲ್ಸಿ ಮಕ್ಕಳ ಹೆಸರು ಬೋರ್ಡಿಗೆ ಹೋಗುವ ಮುಂಚೆ ಪೋಷಕರನ್ನು ಕರೆದು ‘ಸರಿಯಾಗಿ ನೋಡಿ ಸಹಿ ಮಾಡಿ’ ಅಂತ ಕೇಳುತ್ತೇವೆ. ಇಂಗ್ಲಿಷ್ ಸಾಲನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದುತ್ತಾರೆ. ಕನ್ನಡದ ಸಾಲನ್ನು ಎಷ್ಟೋ ಜನ ನೋಡುವುದೇ ಇಲ್ಲ. ವಿದ್ಯಾ ಹೋಗಿ ವಿಧ್ಯಾ ಆಗಿರುತ್ತದೆ, ಸಿದ್ಧಾರ್ಥ ಸಿದ್ದಾರ್ಥ ಆಗಿರುತ್ತಾನೆ. ಶ್ರುತಿ ಅನ್ನುವವರು ಶೃತಿ ಅಂತ ಬರೆದುಕೊಂಡು ಅದನ್ನೇ ಸರಿ ಅಂದುಕೊಂಡಿರುತ್ತಾರೆ. ಇಂಗ್ಲಿಷಿನಲ್ಲಿ ಎರಡು ಮೂರು ದಾರಿಗಳಿಗೂ ರೂಢಿಯ ಬೆಂಬಲ ಇದೆ. ಕನ್ನಡದಲ್ಲಿ ಈ ಹೆಸರುಗಳಿಗೆ ಸರಿಯಾದ ರೂಪ ಒಂದಿದೆ. ಆದರೂ ನಮ್ಮ ಹಟವೆಲ್ಲ ಇಂಗ್ಲಿಷಿನ ಮೇಲೆ!

ಮಧ್ಯದಲ್ಲಿ ಸಂಖ್ಯಾಶಾಸ್ತ್ರದವರು ಬೇರೆ ಬಂದರು. ನಮ್ಮ ಮೈಸೂರಿನವರ ಸ್ಪೆಲಿಂಗ್‌ನ ಕೊನೆಗೆ ಒಂದು ಇ ಸೇರಿಸಿದರೆ ಮೊತ್ತ 32, ಅದರ ಅಂಕೆಗಳನ್ನು ಕೂಡಿದರೆ 5, ಮಗುವಿಗೆ ಒಳ್ಳೆಯದು ಅಂತ ಹೇಳಿದರಂತೆ. ನಾನು ಕೂತು ಲೆಕ್ಕ ಹಾಕಿದೆ. ಅವರು ಬಳಸಿದ್ದು ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಒಂದು ಅಂಕೆ ಕೊಡುವ ಕ್ಯಾಲ್ಡಿಯನ್ ಪಟ್ಟಿ. ಅದರಲ್ಲಿ ಎಚ್‌ಗೆ 5. ಪೈಥಾಗೋರಿಯನ್ ಅಂತ ಇನ್ನೊಂದು ಪಟ್ಟಿ ಇದೆ, ಅದರಲ್ಲಿ ಎಚ್‌ಗೆ 8. ಆ ಲೆಕ್ಕದಲ್ಲಿ ಅದೇ ಎಂಟು ಅಕ್ಷರಗಳ ಮೊತ್ತ 48, ಕೂಡುತ್ತಾ ಹೋದರೆ ಕೊನೆಗೆ 3. ಮಗು ಅದೇ, ಅಕ್ಷರ ಅವೇ, ಭವಿಷ್ಯ ಮಾತ್ರ ಎರಡು. ಇದನ್ನು ನಂಬಿ ಜೀವನಪೂರ್ತಿ ಮಗು ಒಂದು ಇ ಹೊತ್ತುಕೊಂಡು ತಿರುಗಬೇಕಾ? ಯಡಿಯೂರಪ್ಪನವರು ತಮ್ಮ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ 2007ರಲ್ಲಿ ಬದಲಿಸಿದರು, 2019ರಲ್ಲಿ ಮತ್ತೆ ಹಳೆಯದಕ್ಕೇ ಬಂದರು. ದೊಡ್ಡವರು, ಅವರ ಹೆಸರು, ಅವರ ತೀರ್ಮಾನ. ಹಸುಗೂಸಿನ ಹೆಸರಿಗೆ ಬೇರೆಯವರು ಅಕ್ಷರ ಅಂಟಿಸುವುದು ಹಾಗಲ್ಲ.

ಈಗಂತೂ ಹುಷಾರಾಗಿರಬೇಕು. 2023ರ ಅಕ್ಟೋಬರ್ 1ರಿಂದ ಕಾನೂನು ಬದಲಾಗಿದೆ. ಆ ದಿನದಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ಕೆಲಸ ಎಲ್ಲಕ್ಕೂ ಹುಟ್ಟಿದ ದಿನ, ಊರಿಗೆ ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ಬಿದ್ದ ಅಕ್ಷರ ಮುಂದೆ ಎಲ್ಲ ಕಡೆ ಹಿಂಬಾಲಿಸುತ್ತದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಎರಡೇ ಅವಕಾಶ. ಒಂದು ದಾಖಲೆಯಲ್ಲಿ ಎಚ್ ಇದ್ದು ಇನ್ನೊಂದರಲ್ಲಿ ಇಲ್ಲ ಅಂದರೆ ಅಫಿಡವಿಟ್, ಪತ್ರಿಕೆ ಪ್ರಕಟಣೆ ಅಂತ ಅಲೆಯಬೇಕಾದವಳು ಆ ಮಗು.

ಆದರೆ ಅವಸರ ಬೇಕಿಲ್ಲ. 21 ದಿನದೊಳಗೆ ಜನನ ನೋಂದಣಿ ಆಗಬೇಕು, ನಿಜ. ಅದರಲ್ಲಿ ಮಗುವಿನ ಹೆಸರು ಇರಲೇಬೇಕು ಅಂತಿಲ್ಲ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಬಾಣಂತಿಯನ್ನು ಅಳಿಸಿ ಈ ವಾರವೇ ತೀರ್ಮಾನ ಮಾಡುವ ತುರ್ತು ಯಾರಿಗೂ ಇಲ್ಲ.

ನನ್ನ ಆಯ್ಕೆ ಕೇಳಿದರೆ ಯು ಇರಲಿ, ಟಿ ಪಕ್ಕ ಎಚ್ ಕೂಡ ಇರಲಿ. ಮಗು ಬೆಳೆಯುವುದು ಬೆಂಗಳೂರಿನಲ್ಲಿ. ಇಲ್ಲಿನ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಹೆಸರು ಕೇಳಿದವರು ತಾವಾಗಿಯೇ ಬರೆಯುವುದು ಹೆಚ್ಚಾಗಿ ಹಾಗೇ. ದೆಹಲಿಯವರು ತಪ್ಪಾಗಿ ಓದುತ್ತಾರೆ ಅಂತ ಅಳಿಯನ ಚಿಂತೆ. ಓದಲಿ, ಒಂದು ಸಲ ಹೇಳಿಕೊಟ್ಟರೆ ಕಲಿಯುತ್ತಾರೆ. ಆದರೂ ಇದು ನನ್ನ ಇಷ್ಟ ಅಷ್ಟೇ. ಮಗುವಿನ ಅಪ್ಪ ಅಮ್ಮ ಬರೀ ಟಿ ಸಾಕು ಅಂದರೆ ನಾನು ಎರಡನೇ ಮಾತು ಆಡುವುದಿಲ್ಲ, ನಮ್ಮ ಕಡೆಯವರೂ ಆಡಬಾರದು. ಕನ್ನಡದ ಸಾಲಿನಲ್ಲಿ ಮಾತ್ರ ‘ಧ’ಕ್ಕೆ ಋಕಾರ ಸರಿಯಾಗಿ ಬಿದ್ದಿದೆಯಾ ಅಂತ ಅರ್ಜಿ ಕೊಡುವ ದಿನ ನಾನೇ ಜೊತೆಗೆ ಹೋಗಿ ನೋಡುತ್ತೇನೆ ಅಂತ ಹೇಳಿದ್ದೇನೆ.