ಟೇಪು ಹಿಡಿಯದ ಚೆಕಪ್

"ಫಾಸ್ಟಿಂಗ್ ಶುಗರ್ 97. ನಾರ್ಮಲ್."

ಆಫೀಸಿನವರು ವರ್ಷಕ್ಕೊಮ್ಮೆ ಮಾಡಿಸುವ ಹೆಲ್ತ್ ಚೆಕಪ್ ರಿಪೋರ್ಟಿನಲ್ಲಿ ಇಷ್ಟು ನೋಡಿ ಫೈಲ್ ಮುಚ್ಚಿಡುತ್ತಿದ್ದೆ. ಎತ್ತರ 5 ಅಡಿ 8 ಇಂಚು, ತೂಕ 66 ಕಿಲೋ. ಧಾರವಾಡಕ್ಕೆ ಹೋದಾಗಲೆಲ್ಲ ಅವ್ವ "ಪುಣೇಕ್ಕ ಹೋಗಿ ಸೊರಗೀಯಲ್ಲೋ ತಮ್ಮಾ" ಅಂತ ಇನ್ನೊಂದು ಹೋಳಿಗೆ ಹಾಕುತ್ತಾಳೆ. ಸೊರಗಿದವನಿಗೆ ಎಲ್ಲಿಯ ಶುಗರ್, ಅಲ್ವಾ? ಅಪ್ಪನಿಗೆ 52ಕ್ಕೇ ಬಂದಿತ್ತು ಅನ್ನೋದನ್ನ ಮಾತ್ರ ಸುಮ್ನೆ ಮರೆತಿದ್ದೆ.

ಈ ಸಲ ಕೋಥ್ರೂಡ್‌ನ ನಮ್ಮ ಫ್ಯಾಮಿಲಿ ಡಾಕ್ಟರ್ ರಿಪೋರ್ಟ್ ಪಕ್ಕಕ್ಕಿಟ್ಟು ಡ್ರಾಯರಿನಿಂದ ಟೇಪ್ ತೆಗೆದರು. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಉಸಿರು ಬಿಟ್ಟ ಮೇಲೆ ಅಳತೆ: 94 ಸೆಂಟಿಮೀಟರ್, ಅಂದರೆ 37 ಇಂಚು. "ನನ್ನ ಪ್ಯಾಂಟ್ ಸೈಜು 34!" ಅಂದೆ. "ಪ್ಯಾಂಟನ್ನ ನೀವು ಹೊಟ್ಟೆ ಕೆಳಗೆ ಹಾಕ್ತೀರಿ" ಅಂದರು. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದಂತೆ. ಕತ್ತಿನ ಹಿಂದೆ ಮಖಮಲ್ಲಿನ ಹಾಗೆ ದಪ್ಪಗಾಗಿದ್ದ ಕಪ್ಪನ್ನೂ ನೋಡಿದರು. ಒಂದು ವರ್ಷದಿಂದ ಅದಕ್ಕೆ ಕಡಲೆಹಿಟ್ಟು ಹಚ್ಚಿ ಉಜ್ಜುತ್ತಿದ್ದೆ. ಅದು ಕೊಳೆಯಲ್ಲ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಹಾರ್ಮೋನು ಜಾಸ್ತಿ ಇರುವುದರ ಗುರುತು ಅಂತ ಅವತ್ತೇ ಗೊತ್ತಾಗಿದ್ದು.

ಶುಗರ್ ನಾರ್ಮಲ್ ಇದ್ದರೂ ಹೀಗೇಕೆ? ಊಟದ ಸಕ್ಕರೆ ಹೆಚ್ಚಾಗಿ ಹೋಗುವುದು ಮಾಂಸಖಂಡಕ್ಕೆ. ಅದು ಇನ್ಸುಲಿನ್ ಮಾತು ಸರಿಯಾಗಿ ಕೇಳದಿದ್ದರೆ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ವರ್ಷಗಟ್ಟಲೆ ಹೀಗೆ ದುಪ್ಪಟ್ಟು ದುಡಿದು ಶುಗರನ್ನು ಹಿಡಿದಿಟ್ಟಿರುತ್ತದೆ. ನಾವು ನೋಡಿ ಖುಷಿಪಡುವ 97 ಆ ದುಡಿತದ ಫಲ.

ಇನ್ಸುಲಿನ್ ಮಾತು ಕೇಳದಂತೆ ಮಾಡುವುದರಲ್ಲಿ ಮೈಯೊಳಗೆ, ಅದರಲ್ಲೂ ಹೊಟ್ಟೆಯಲ್ಲಿ, ಅಡಗಿದ ಕೊಬ್ಬಿನ ಪಾಲು ದೊಡ್ಡದು. ತೆಳ್ಳಗೆ ಕಾಣುವವರಲ್ಲೂ ಇರುವ ಈ ಕೊಬ್ಬನ್ನು ಚೆನ್ನಾಗಿ ತೋರಿಸಿದವರು ನಮ್ಮ ಪುಣೆಯವರೇ. ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೂ ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ಅವರದೂ ಫೋಟೋ ಹಾಕಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ನನ್ನ ಬಿಎಂಐ ಕೂಡ ಹತ್ತಿರ ಹತ್ತಿರ ಅಷ್ಟೇ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ!

ಉಳಿದದ್ದು ನನ್ನ ದಿನಚರಿಯಲ್ಲೇ ಇತ್ತು. ಹಿಂಜವಡಿಯ ಆಫೀಸಿಗೆ ಬಸ್ಸಿನಲ್ಲಿ ಕೂತು ಹೋಗಿ, ಅಲ್ಲೂ ಕೂತು, ಕೂತೇ ವಾಪಸ್. ಅಮೆರಿಕದ ಕಾಲ್ ಅಂತ ರಾತ್ರಿ ಒಂದರವರೆಗೆ ಎಚ್ಚರ. ನಿದ್ದೆ ಕೆಲವೇ ರಾತ್ರಿ ಕಡಿಮೆಯಾದರೂ ಇನ್ಸುಲಿನ್ ಕೆಲಸ ಕುಂಟುತ್ತದಂತೆ. ರಕ್ತದ ಕೊಬ್ಬು ಟ್ರೈಗ್ಲಿಸರೈಡ್ 188, ಜಾಸ್ತಿ; 'ಒಳ್ಳೆಯ' ಕೊಲೆಸ್ಟ್ರಾಲ್ ಎಚ್‌ಡಿಎಲ್ 36, ಕಡಿಮೆ. ಇವೆರಡೂ ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲೇ ಇದ್ದವು, ನಾನೇ ಓದಿರಲಿಲ್ಲ. ಇನ್ಸುಲಿನ್ ಟೆಸ್ಟ್ ಮಾಡಿಸಲಾ ಅಂದರೆ ಡಾಕ್ಟರ್ ಬೇಡ ಅಂದರು. ನಂಬರ್ ಎಷ್ಟೇ ಬಂದರೂ ನೀವು ಮಾಡಬೇಕಾದ್ದು ಅದೇ: ಹೊಟ್ಟೆ ಇಳಿಸೋದು, ಓಡಾಡೋದು, ಸರಿಯಾಗಿ ನಿದ್ದೆ ಮಾಡೋದು, ಅಂದರು.

ನನ್ನ ಸಿಟ್ಟು ಇಷ್ಟೇ. ಸಾವಿರಾರು ರೂಪಾಯಿಯ 'ಫುಲ್ ಬಾಡಿ' ಪ್ಯಾಕೇಜಿನಲ್ಲಿ ವಿಟಮಿನ್ನಿಂದ ಹಿಡಿದು ಎಲ್ಲ ಇದೆ. ಹತ್ತು ರೂಪಾಯಿಯ ಟೇಪು ಯಾಕಿಲ್ಲ? ಎರಡು ಸಲ ಪ್ಯಾಂಟ್ ಸಡಿಲ ಮಾಡಿಕೊಟ್ಟ ಟೇಲರ್‌ಗೆ ಲ್ಯಾಬಿಗಿಂತ ಮೊದಲೇ ಸುಳಿವು ಸಿಕ್ಕಿತ್ತು.

ಮೊನ್ನೆ ದೀಪಾವಳಿ ಫರಾಳಕ್ಕೆ ಗೆಳೆಯರ ಮನೆಗೆ ಹೋದಾಗ ಟೇಪ್ ಜೇಬಿನಲ್ಲಿತ್ತು. ಚಕ್ಕುಲಿ ತಿನ್ನುತ್ತಾ ಐದು ಜನ ಸಾಲಾಗಿ ನಿಂತರು, ಎಲ್ಲರೂ 'ಸ್ಲಿಮ್ಮು'. "ಉಸಿರು ಬಿಡ್ರೀ ಸಾಹೇಬ್ರ" ಅಂದೆ. ಒಬ್ಬರೂ ಬಿಡಲಿಲ್ಲ.